ಮೊಂಡು ಮಚ್ಚಿಗಾಗಿ ಜಪಾನಿಗೆ

ಕಿಬ್ಬನಹಳ್ಳಿ ಕ್ರಾಸ್

ಜಪಾನಿಗೆ ಹೋಗಿ ಬಂದೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು, ಊಟಕ್ಕೇನು ಮಾಡಿದಿರಿ ಎಂದು. ಆಮೇಲೆ, ಅಲ್ಲಿಂದ ಏನು ತಂದಿರಿ ಎಂದು. ಮೊದಲನೆಯದಕ್ಕೆ ಉತ್ತರ ಚಟ್ನಿಪುಡಿ. ಎರಡನೆಯದಕ್ಕೆ ಉತ್ತರ ಮಚ್ಚು. ಮಚ್ಚು ಎಂದ ಕೂಡಲೇ ಅವರು ನನ್ನ ಮುಖವನ್ನೊಮ್ಮೆ ನೋಡಿ ಮಳೆಯ ವಿಚಾರಕ್ಕೆ ಹೋಗಿಬಿಡುತ್ತಾರೆ. ಹಾಗಾಗಿ ನಡೆದದ್ದನ್ನೆಲ್ಲ ಬರೆದೇ ಹೇಳುವುದು ಮೇಲು ಅನ್ನಿಸಿತು.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. ಬೋರ್ಡಿನಲ್ಲಿ ಇರುವುದು ಯಜಮಾನರ ಹೆಸರು, ಕೌಂಟರಿನಲ್ಲಿ ಕೂರುವವಳು ನಾನು. ಗುದ್ದಲಿ, ಹಾರೆ, ಕುಡುಗೋಲು ಯಾವುದನ್ನೇ ಆಗಲಿ ಗಿರಾಕಿಯ ಕೈಗೆ ಕೊಡುವ ಮುಂಚೆ ಉಗುರಿನಿಂದ ಒಮ್ಮೆ ಟಿಣ್ ಅನ್ನಿಸಿ ನೋಡುವುದು ನನ್ನ ಚಾಳಿ. ಒಳ್ಳೆಯ ಕಬ್ಬಿಣ ಸ್ವಲ್ಪ ಹೊತ್ತು ದನಿ ಹಿಡಿದಿರುತ್ತದೆ. ಕಳಪೆಯದು ಟಪ್ ಎಂದು ಸುಮ್ಮನಾಗುತ್ತದೆ. ಕಳಪೆಯದನ್ನೂ ಮಾರುತ್ತೇನೆ, ಆದರೆ ಹೇಳಿ ಮಾರುತ್ತೇನೆ.

ಗೋಡೆ ಕೊರೆಯುವ, ಮರ ಕೊಯ್ಯುವ ಮೆಷೀನು ಮಾಡುವ ಕಂಪನಿಯೊಂದು, ತನ್ನ ಮಾಲನ್ನು ಚೆನ್ನಾಗಿ ಮಾರಿದ ಅಂಗಡಿಯವರನ್ನು ಜಪಾನಿಗೆ ಕರೆದುಕೊಂಡು ಹೋಗುತ್ತೇನೆ ಎಂದಿತು. ಅಂಗಡಿಗೆ ಒಂದೇ ಟಿಕೆಟ್. ನಮ್ಮ ಯಜಮಾನರಿಗೆ ಅಟ್ಟದ ಏಣಿ ಹತ್ತಿದರೇ ಕಣ್ಣು ಕತ್ತಲೆ ಬರುತ್ತದೆ. "ವಿಮಾನ ಎಲ್ಲ ನಂಗಾಗಲ್ಲ ಕಣೇ. ನೀನೇ ಹೋಗ್ಬಾ, ನಾನು ಅಂಗಡಿ ನೋಡ್ಕಂತೀನಿ" ಎಂದುಬಿಟ್ಟರು. ತಿಪಟೂರಿನಿಂದ ಅನ್ವರಣ್ಣನೂ ಹೊರಟಿದ್ದರು. ಅವರದು ಮೋಟಾರ್ ರಿಪೇರಿ, ವೆಲ್ಡಿಂಗು, ಜೊತೆಗೆ ಇದೇ ಕಂಪನಿಯ ಮೆಷೀನುಗಳ ಮಾರಾಟ. ಮೂವತ್ತು ವರ್ಷದ ಪರಿಚಯ. ಅವರು ಜೊತೆಗಿದ್ದಾರೆ ಎಂದ ಮೇಲೆ ನಮ್ಮ ಮನೆಯಲ್ಲಿ ಯಾರೂ ಚಕಾರ ಎತ್ತಲಿಲ್ಲ.

ಹೊರಡುವ ಮುಂಚೆ ಅಕ್ಕನನ್ನು ನೋಡಲು ಹೋದೆ. ಜಯಕ್ಕ ಇರುವುದು ತುರುವೇಕೆರೆ ದಾರಿಯ ಒಂದು ಹಳ್ಳಿಯಲ್ಲಿ. ಅವಳ ಕಸುಬು ಕೊಬ್ಬರಿ ಬಿಡಿಸುವುದು. ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ತೆಂಗಿನಕಾಯಿ ಒಡೆದು ಬಿಸಿಲಿಗೆ ಹಾಕುವುದಿಲ್ಲ. ಇಡೀ ಕಾಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಹತ್ತಿರ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಉರುಳುತ್ತದೆ. ಆಗ ಸಿಪ್ಪೆ ಸುಲಿದು, ಚಿಪ್ಪನ್ನು ಮಾತ್ರ ಮಚ್ಚಿನಿಂದ ತಟ್ಟಿ ತಟ್ಟಿ ಒಡೆದು, ಉಂಡೆ ಕೊಬ್ಬರಿಯನ್ನು ಇಡಿಯಾಗಿ ಹೊರಗೆ ತೆಗೆಯಬೇಕು. ಉಂಡೆಯ ಮೇಲೆ ಮಚ್ಚಿನ ಗುರುತು ಬಿದ್ದರೆ ಅದು ಬೆಲೆ ಕಡಿಮೆಯಾಗಿ ಬೇರೆ ರಾಶಿಗೆ ಹೋಗುತ್ತದೆ. ಜಯಕ್ಕ ಬಿಡಿಸಿದ ರಾಶಿಯ ಪಕ್ಕದಲ್ಲಿ ಆ ಬೇರೆ ರಾಶಿ ಇರುವುದೇ ಇಲ್ಲ.

ಇದಕ್ಕೆ ಬೇಕಾದ ಮಚ್ಚು ಹರಿತ ಇರಬಾರದು. ಇದ್ದರೆ ಚಿಪ್ಪು ದಾಟಿ ಕೊಬ್ಬರಿಯನ್ನು ಕಚ್ಚುತ್ತದೆ. ಬಾಯಿ ಮೊಂಡಾಗಿ, ದುಂಡಗೆ ಇರಬೇಕು. ಜಯಕ್ಕನ ಮಚ್ಚನ್ನು ಹುಳಿಯಾರು ಕಡೆಯ ಆಚಾರಿಯೊಬ್ಬರು ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಮಾಡಿಕೊಟ್ಟಿದ್ದರು. ಹಿಡಿಯೂ ಕಬ್ಬಿಣದ್ದೇ, ಮೇಲೆ ಸೈಕಲ್ ಟ್ಯೂಬು ಸುತ್ತಿದೆ. ಭಾರ ಅಂದರೆ ಭಾರ. ಆಚಾರಿ ತೀರಿಕೊಂಡರು, ಅವರ ಮಕ್ಕಳು ಈಗ ಗೇಟು, ಕಿಟಕಿ ಗ್ರಿಲ್ಲು ಮಾಡುತ್ತಾರೆ. ಅಷ್ಟು ವರ್ಷ ಆ ಭಾರ ಎತ್ತಿ ತಟ್ಟಿ ಅಕ್ಕನ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಕಾಫಿ ಲೋಟ ಕೊಡುವಾಗ ಎಡಗೈಯನ್ನು ಕೆಳಗೆ ಆಸರೆ ಕೊಟ್ಟಳು. ಹಗುರದ್ದು ಹಿಡಿಯಿರಿ, ಇಲ್ಲವಾದರೆ ಈ ಕೆಲಸ ಬಿಟ್ಟುಬಿಡಿ, ಇನ್ನೊಂದು ಸುಗ್ಗಿ ಹೀಗೇ ಹೊಡೆದರೆ ಮುಷ್ಟಿ ಕಟ್ಟುವುದಕ್ಕೂ ಆಗುವುದಿಲ್ಲ ಎಂದಿದ್ದರು ಡಾಕ್ಟರು.

"ಅದು ಬುಟ್ಟು ನಾನೇನ್ ಮಾಡ್ಲಿ? ಟಿವಿ ಮುಂದೆ ಕೂತ್ಕಂಡು ಕಂಡೋರ ಮನೆ ಜಗಳ ನೋಡ್ಲಾ?" ಎಂದಳು ಅಕ್ಕ.

ನಮ್ಮ ಅಂಗಡಿಯ ಹಗುರ ಮಚ್ಚುಗಳನ್ನೆಲ್ಲ ಕೊಟ್ಟು ನೋಡಿದ್ದೆ. ಒಂದು ಚಿಪ್ಪಿನ ಮೇಲಿಂದ ಪುಟಿದು ಬರುತ್ತಿತ್ತು, ಇನ್ನೊಂದು ಬಾಗಿಹೋಯಿತು. ಅಕ್ಕ ತನ್ನ ಹಳೆಯ ಮಚ್ಚನ್ನು ಸೆರಗಿನಿಂದ ಒರೆಸಿ ನನ್ನ ಮಡಿಲಲ್ಲಿಟ್ಟಳು.

"ಜಪಾನ್‌ನೋರು ಕಬ್ಬಿಣದ ಕೆಲಸದಲ್ಲಿ ಭಾರಿ ಹುಷಾರಂತೆ ಕಣೇ ಗಿರಿಜಿ. ಇದುನ್ನ ತೋರ್ಸಿ, ವಸಿ ಹಗುರವಾಗಿರೋದೊಂದು ಮಾಡಿಸ್ಕಂಡು ಬಾ. ಹರಿತ ಗಿರಿತ ಬ್ಯಾಡ ಅಂತ ಹೇಳು."

ಅನ್ವರಣ್ಣನಿಗೆ ಹೇಳಿದೆ. ಅವರು ದಿನಾ ಫೋನಿನಲ್ಲಿ ಒಬ್ಬ ಜಪಾನಿ ಹೆಂಗಸು ಚಾಕು ಬಡಿಯುವುದನ್ನು ನೋಡಿಕೊಂಡು ಊಟ ಮಾಡುವ ಮನುಷ್ಯ. ಫೋನಿನ ಅನುವಾದ ಹಿಡಿದುಕೊಂಡು ಆಕೆಗೇ ಬರೆದರು. ಬನ್ನಿ ನೋಡೋಣ ಎಂದು ಉತ್ತರ ಬಂತು. ನಾನು ಮಚ್ಚನ್ನೂ, ಅಕ್ಕ ಬಿಡಿಸಿದ ಎರಡು ಉಂಡೆ ಕೊಬ್ಬರಿಯನ್ನೂ ಪೆಟ್ಟಿಗೆಗೆ ಹಾಕಿಕೊಂಡೆ.

ಒಸಾಕಾ ವಿಮಾನ ನಿಲ್ದಾಣ

ಅನ್ವರಣ್ಣ ಮಚ್ಚನ್ನು ತಮ್ಮ ಹಳೇ ಲುಂಗಿಯಲ್ಲಿ ಸುತ್ತಿ, ಮೇಲೆ ಗೋಣಿತಾಟು ಹೊದಿಸಿ, ಹುರಿಯಲ್ಲಿ ಬಿಗಿದು ನನ್ನ ದೊಡ್ಡ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದರು. ಹಾಗೆ ಸುತ್ತಿದ್ದೇ ತಪ್ಪಾಯಿತು. ಬರೀ ಮಚ್ಚಾಗಿದ್ದರೆ ಮಚ್ಚು ಎಂದು ಕಾಣುತ್ತಿತ್ತು. ಈಗ ಏನನ್ನೋ ಬಚ್ಚಿಟ್ಟ ಹಾಗೆ ಕಂಡಿತು. ಬಿಳಿ ಕೈಗವಸಿನ ಅಧಿಕಾರಿಯೊಬ್ಬರು ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದರು. ನಮ್ಮ ಗುಂಪಿನ ಉಳಿದ ಅಂಗಡಿಯವರು ನಮ್ಮ ಗುರುತೇ ಇಲ್ಲದವರಂತೆ ಮುಂದೆ ಹೋಗಿಬಿಟ್ಟರು.

ಅಧಿಕಾರಿ ಹುರಿಯನ್ನು ಕತ್ತರಿಸಲಿಲ್ಲ. ಒಂದೊಂದೇ ಗಂಟನ್ನು ಉಗುರಿನಿಂದ ಬಿಡಿಸಿ, ಹುರಿಯನ್ನು ಉಂಡೆ ಸುತ್ತಿ ಪಕ್ಕಕ್ಕಿಟ್ಟು, ಲುಂಗಿಯನ್ನು ಮಡಿಸಿ ಇಟ್ಟು, ಆಮೇಲೆ ಮಚ್ಚನ್ನು ನೋಡಿದರು. ಬಾಯಿಯ ಮೇಲೆ ಹೆಬ್ಬೆರಳು ಸವರಿದರು. ಇನ್ನೊಮ್ಮೆ ಸವರಿದರು. ದೊಡ್ಡ ಅಧಿಕಾರಿಯನ್ನು ಕರೆದರು. ಅವರೂ ಸವರಿದರು. ಅವರ ಫೋನು ವಾರ್ತೆ ಓದುವವರ ಕನ್ನಡದಲ್ಲಿ ನನ್ನನ್ನು ಕೇಳಿತು: "ಇದು ಕತ್ತರಿಸುವುದಿಲ್ಲವೇ?"

"ಇಲ್ಲ" ಎಂದೆ.

"ಹಾಗಾದರೆ ಇದು ಕೆಟ್ಟುಹೋಗಿದೆಯೇ?"

"ಕೆಟ್ಟಿಲ್ಲ ಸ್ವಾಮಿ, ಇದು ಇರೋದೇ ಹಿಂಗೆ."

ಉಂಡೆ ಕೊಬ್ಬರಿ ತೋರಿಸಿ, ಎಡಗೈಯಲ್ಲಿ ಕಾಯಿ ಹಿಡಿದ ಹಾಗೆ, ಬಲಗೈಯಲ್ಲಿ ತಟ್ಟಿದ ಹಾಗೆ ಅಭಿನಯ ಮಾಡಿದೆ. ಅವರು ತಲೆಯಾಡಿಸಿದರು, ಅರ್ಥವಾದಂತೆ ಕಾಣಲಿಲ್ಲ. ಕೊಬ್ಬರಿ ಇನ್ನೊಂದು ಕೌಂಟರಿಗೆ ಹೋಯಿತು. ಅಲ್ಲಿ ಕನ್ನಡಕದ ಹೆಂಗಸು ಅದನ್ನು ದೀಪದ ಕೆಳಗೆ ತಿರುಗಿಸಿ, ಮೂಸಿ, ಕಿವಿಯ ಹತ್ತಿರ ಅಲ್ಲಾಡಿಸಿದಳು. ಯಾರೂ ಹೇಳಿಕೊಡದೆ ಆಕೆ ಹಾಗೆ ಅಲ್ಲಾಡಿಸಿದ್ದು ನೋಡಿ ನನಗೆ ನಮ್ಮೂರಿನವಳೇ ಸಿಕ್ಕ ಹಾಗಾಯಿತು. ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟಳು. ಮಚ್ಚೂ ಬಂತು, ಅದೇ ಲುಂಗಿ, ಅದೇ ತಾಟು, ಅದೇ ಹುರಿ, ನಾವು ಕಟ್ಟಿದ್ದಕ್ಕಿಂತ ಚೆನ್ನಾಗಿ.

"ನಮ್ ಬಸ್‌ಸ್ಟ್ಯಾಂಡಲ್ಲಿ ಗಂಟು ಬಿಚ್ಚಿದ್ರೆ ಹುರೀನೂ ವಾಪಸ್ ಸಿಗಾಕಿಲ್ಲ ಅಕ್ಕ" ಎಂದರು ಅನ್ವರಣ್ಣ. ಅವರಿಗೆ ಬೆವರು ಇನ್ನೂ ಆರಿರಲಿಲ್ಲ.

ಸಕಾಯ್

ಮರುದಿನ ಗುಂಪಿನವರೆಲ್ಲ ದೊಡ್ಡ ಮಾಲ್ ಒಂದಕ್ಕೆ ಹೋದರು. ನಾವಿಬ್ಬರು ಒಂಟಿ ಡಬ್ಬಿಯ ಟ್ರಾಮು ಹತ್ತಿ ಸಕಾಯ್ ಎಂಬ ಊರಿಗೆ ಹೊರಟೆವು. ಒಸಾಕಾದ ಪಕ್ಕದ್ದೇ ಊರು. ಟ್ರಾಮು ಮನೆಗಳ ಹಿತ್ತಿಲನ್ನು ಒರೆಸಿಕೊಂಡು ಹೋಗುತ್ತದೆ. ಯಾರದೋ ಒಣಗಿದ ಬಟ್ಟೆ, ಯಾರದೋ ಮೂಲಂಗಿ, ಯಾರದೋ ಬೆಕ್ಕು. ಜನ ಮಾತೇ ಆಡುವುದಿಲ್ಲ. ಅನ್ವರಣ್ಣ ಅಭ್ಯಾಸಬಲದಿಂದ ಪಕ್ಕದ ಮುದುಕರನ್ನು ಯಾವೂರು ಎಂದು ಕನ್ನಡದಲ್ಲೇ ಕೇಳಿದರು. ಮುದುಕರು ಎದ್ದು ಅವರಿಗೆ ಸೀಟು ಬಿಟ್ಟುಕೊಟ್ಟರು.

ಈ ಊರಿನವರು ಚಾಕು ಮಾಡುವುದರಲ್ಲಿ ಎತ್ತಿದ ಕೈ. ಮೀನನ್ನು ಹೂವಿನ ಎಸಳಿನಷ್ಟು ತೆಳ್ಳಗೆ ಕೊಯ್ಯುವ ಅಡುಗೆಯವರೆಲ್ಲ ಇಲ್ಲಿಯ ಚಾಕುಗಳನ್ನೇ ಹುಡುಕಿಕೊಂಡು ಬರುತ್ತಾರಂತೆ. ಅಂಥ ಊರಿಗೆ ನಾನು ಮೊಂಡು ಮಚ್ಚು ಹಿಡಿದುಕೊಂಡು ಬಂದಿದ್ದೆ. ಗಲ್ಲಿಯ ತುದಿಯಲ್ಲಿ ಧಡ್ ಧಡ್ ಸದ್ದು ಕೇಳಿ ಅನ್ವರಣ್ಣನ ಮುಖ ಅರಳಿತು. ಫೋನಿನಲ್ಲಿ ದಿನಾ ಕೇಳುತ್ತಿದ್ದ ಸದ್ದು ಅದು.

ಅನ್ವರಣ್ಣನ ಫೋನಿನಾಕೆ ಮಿಚಿಕೊ, ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ತಂದೆಯ ಕಾಲದ ಕುಲುಮೆಯನ್ನು ಈಗ ಒಬ್ಬಳೇ ನಡೆಸುತ್ತಾಳೆ. ಬಾಗಿಲಲ್ಲಿ ನಾನು ಚಪ್ಪಲಿ ಬಿಟ್ಟೆ. ನಮ್ಮಲ್ಲಿ ಕುಲುಮೆಗೆ ಚಪ್ಪಲಿ ಹಾಕಿಕೊಂಡು ಹೋದರೆ ಆಚಾರಿ ಸುತ್ತಿಗೆ ಕೆಳಗಿಟ್ಟು ನೋಡುತ್ತಿದ್ದರು. ಇಲ್ಲಿ ಮಿಚಿಕೊ ಸುತ್ತಿಗೆ ಕೆಳಗಿಟ್ಟು ಓಡಿಬಂದದ್ದು ನಾನು ಚಪ್ಪಲಿ ಬಿಟ್ಟಿದ್ದಕ್ಕೆ. ನೆಲದ ತುಂಬ ಕಾದ ಕಬ್ಬಿಣದ ಹೊಟ್ಟು ಉದುರಿತ್ತು. ಏನೋ ಕೂಗುತ್ತ ನನ್ನ ಪಾದ ತೋರಿಸಿದಳು. ನಾನು ಗೋಡೆಯ ಮೇಲೆ ಕೈ ತೋರಿಸಿದೆ. ಅಲ್ಲಿ ಪುಟ್ಟ ಮರದ ಗೂಡು, ಹುಲ್ಲಿನ ಹಗ್ಗ, ಒಂದು ಬಟ್ಟಲು ನೀರು, ಹಸಿರು ಸೊಪ್ಪಿನ ಕುಡಿ. ದೇವರಿರುವ ಕಡೆ ಹೇಗೆ ಮೆಟ್ಟು ಹಾಕಿಕೊಳ್ಳಲಿ? ಆಕೆ ನೋಡಿ, ಅರ್ಥಮಾಡಿಕೊಂಡು, ಜೋರಾಗಿ ನಕ್ಕು, ತನ್ನ ದಪ್ಪ ಬೂಟುಗಳನ್ನು ತಂದು ನನ್ನ ಮುಂದಿಟ್ಟಳು. ಸೀರೆಯ ಕೆಳಗೆ ಜಪಾನಿ ಬೂಟು ಹಾಕಿಕೊಂಡು ನಾನು ಕುಲುಮೆ ಪ್ರವೇಶ ಮಾಡಿದೆ.

ಮಚ್ಚನ್ನು ಕೊಟ್ಟೆ. ಆಕೆ ಮಾಡಿದ ಮೊದಲ ಕೆಲಸ, ಅದನ್ನು ಉಗುರಿನಿಂದ ಟಿಣ್ ಅನ್ನಿಸಿದ್ದು. ನಾನೂ ಅನ್ವರಣ್ಣನೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಒಂದು ಬೆರಳ ಮೇಲೆ ಮಚ್ಚನ್ನು ತೂಗಾಡಿಸಿ, ಎಲ್ಲಿ ಸಮ ನಿಲ್ಲುತ್ತದೆ ಎಂದು ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ನಾವು ಬರುತ್ತೇವೆಂದು ಅಂಗಡಿಯಿಂದ ಒಂದು ತೆಂಗಿನಕಾಯಿ ತಂದಿಟ್ಟಿದ್ದಳು. ಹೊಡೆದು ತೋರಿಸಿ ಎಂದಳು. ಅದು ನೀರುಗಾಯಿ, ಕೊಬ್ಬರಿಗೆ ವರ್ಷ ಬೇಕು ಎಂದು ಹೇಳುವುದಕ್ಕೇ ಫೋನು ಸುಸ್ತಾಯಿತು. ಆದರೂ ಅಕ್ಕ ತಟ್ಟುವ ಹಾಗೆ ತಟ್ಟಿದೆ. ಮಿಚಿಕೊ ನಾಡಿ ಹಿಡಿಯುವವಳಂತೆ ನನ್ನ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ ನಿಂತಳು. ಇನ್ನೊಮ್ಮೆ ತಟ್ಟಿ ಎಂದಳು. ಇನ್ನೊಮ್ಮೆ ತಟ್ಟಿದೆ. ಕಾಯಿ ಫಳ್ ಎಂದು ಒಡೆದು ನೀರೆಲ್ಲ ಅಡಿಗಲ್ಲಿನ ಮೇಲೆ ಹಾರಿ ಚುಯ್ ಎಂದು ಆವಿಯಾಯಿತು.

"ನೋವು ಭಾರದಿಂದ ಮಾತ್ರವಲ್ಲ" ಎಂದಿತು ಅವಳ ಫೋನು. "ಏಟು ಹಿಡಿಯ ಮೂಲಕ ಹಿಂದಿರುಗಿ ಕೈಗೆ ಬರುತ್ತಿದೆ."

ಮೆತ್ತನೆಯ ಕಬ್ಬಿಣಕ್ಕೆ ಗಟ್ಟಿ ಉಕ್ಕಿನ ಪಟ್ಟಿ ಬೆಸೆದು ಬಡಿಯುತ್ತೇನೆ, ಆ ಮೆತ್ತನೆಯದು ಏಟನ್ನು ನುಂಗಿಕೊಳ್ಳುತ್ತದೆ ಎಂದಳು. ತೂಕವನ್ನು ತುದಿಗೆ ಸರಿಸುತ್ತೇನೆ, ಹಿಡಿಯನ್ನು ಮರದ್ದು ಮಾಡಿಸುತ್ತೇನೆ ಎಂದಳು. ಬಾಯಿ ಮಾತ್ರ ಹೀಗೇ ಮೊಂಡಾಗಿರಬೇಕು ಎಂದು ನಾನು ಒತ್ತಿ ಒತ್ತಿ ಹೇಳಿದೆ. ಆಕೆ ಹಳೆಯ ಮಚ್ಚಿನ ಬಾಯಿಯನ್ನು ಸವರಿ ಸವರಿ ನೋಡಿ, ಆಯಿತು ಎಂದಳು. ನಾವು ಹೊರಡುವ ಹಿಂದಿನ ದಿನ ಬಂದು ತೆಗೆದುಕೊಂಡು ಹೋಗಬೇಕು.

ಹೊರಡುವಾಗ ಒಂದು ಸಂಗತಿ ಹೇಳಿದಳು. ಈ ಊರಲ್ಲಿ ಬಡಿಯುವವರು ಬೇರೆ, ಮಸೆಯುವವರು ಬೇರೆ, ಹಿಡಿ ಹಾಕುವವರು ಬೇರೆಯಂತೆ. ಚಾಕು ಮನೆಯಿಂದ ಮನೆಗೆ ಹೋಗುತ್ತದಂತೆ. ನಮ್ಮಲ್ಲಿ ಒಬ್ಬನೇ ಆಚಾರಿ ಕಾಯಿಸಿ, ಬಡಿದು, ಮಸೆದು, ಹಿಡಿ ಹಾಕಿ, ಒಂದು ಬೀಡಿ ಹಚ್ಚಿಕೊಂಡು ಕೈಗೆ ಕೊಡುತ್ತಾನೆ. ಚೆನ್ನಾಗಿದೆಯಲ್ಲ ಇವರ ಪದ್ಧತಿ ಎಂದು ಕೇಳಿಸಿಕೊಂಡೆ ಅಷ್ಟೆ. ಆ ಮಾತಿನಲ್ಲಿ ನನ್ನ ಕಷ್ಟವೂ ಕೂತಿದೆ ಎಂದು ಹೊಳೆಯಲಿಲ್ಲ.

ಕ್ಯೋಟೋ

ಕ್ಯೋಟೋದಲ್ಲಿ ನಮಗೆ ಬಂಗಾರದ ಗುಡಿ ತೋರಿಸಿದರು, ಬಿದಿರಿನ ಕಾಡು ತೋರಿಸಿದರು. ಎಲ್ಲರೂ ಫೋಟೋ ತೆಗೆದಿದ್ದಾರೆ, ನಾನು ಬರೆಯಬೇಕಾಗಿಲ್ಲ. ನನಗೆ ಹಿಡಿಸಿದ್ದು ಗಲ್ಲಿ ಮೂಲೆಯ ಕಲ್ಲುಗಳು. ಮೊಣಕಾಲೆತ್ತರದ ಕಲ್ಲಿನ ಮೂರ್ತಿಗಳಿಗೆ ಕೆಂಪು ಬಟ್ಟೆಯ ಎದೆಗವಚ ಕಟ್ಟಿರುತ್ತಾರೆ, ಎಳೆ ಮಕ್ಕಳಿಗೆ ಜೊಲ್ಲು ಸೋರದ ಹಾಗೆ ಕಟ್ಟುತ್ತೀವಲ್ಲ, ಅಂಥದ್ದು. ಮುಖ ಸವೆದು ಕಣ್ಣು ಮೂಗು ಅಳಿಸಿಹೋಗಿವೆ. ಒಬ್ಬ ಅಜ್ಜಿ ಹಳೆಯದನ್ನು ಬಿಚ್ಚಿ, ಕಲ್ಲಿಗೆ ನೀರು ಹಾಕಿ ತೊಳೆದು, ಹೊಸದನ್ನು ಕಟ್ಟಿ, ಗಂಟು ಬಿಗಿಯಾಯಿತೇನೋ ಎಂದು ಸಡಿಲ ಮಾಡಿದಳು. ನಮ್ಮ ನಾಗರಕಲ್ಲಿಗೆ ಅರಿಸಿನ ಕುಂಕುಮ ಹಚ್ಚುತ್ತೇವೆ, ಉಸಿರುಕಟ್ಟೀತು ಎಂದು ಯಾವತ್ತೂ ಯೋಚಿಸಿಲ್ಲ.

"ನಮ್ ದರ್ಗಾದಲ್ಲೂ ಗೋರಿಗೆ ಚಾದರ ಹೊದಿಸ್ತೀವಲ್ಲ ಅಕ್ಕ. ಚಳಿ ಎಲ್ರಿಗೂ ಒಂದೇ" ಎಂದರು ಅನ್ವರಣ್ಣ.

ನನಗೆ ನೆನಪಾದದ್ದು ಅಕ್ಕನ ಊರಿನ ವೀರಗಲ್ಲು. ಕೆರೆ ಏರಿಯ ಕೆಳಗಿದೆ. ಕತ್ತಿ ಎತ್ತಿದ ವೀರ, ಅವನ ಮೇಲೆ ಅವನನ್ನು ಸ್ವರ್ಗಕ್ಕೆ ಕರೆದುಕೊಂಡು ಹೋಗುವ ಹೆಂಗಸರು. ನಮ್ಮ ಜನ ಅದಕ್ಕೆ ಹೂವನ್ನೂ ಇಡುತ್ತಾರೆ, ಅದರ ಅಂಚಿಗೆ ಕುಡುಗೋಲನ್ನೂ ಮಸೆಯುತ್ತಾರೆ. ಒಂದು ಪಕ್ಕ ಸವೆದು ತೊಟ್ಟಿಲಿನಂತೆ ತಗ್ಗಾಗಿದೆ. ಅಕ್ಕನೂ ಅಷ್ಟೆ, ಮಚ್ಚಿನ ಬಾಯಿ ಎಲ್ಲಾದರೂ ಹಲ್ಲು ಬಿಟ್ಟರೆ ಅಲ್ಲಿಗೇ ಒಯ್ದು ಉಜ್ಜಿ ಮೊಂಡು ಮಾಡಿಕೊಂಡು ಬರುತ್ತಾಳೆ. ಕೆಲಸ ಮಾಡಿಸಿಕೊಂಡೇ ಪೂಜೆ ಮಾಡುವುದು ನಮ್ಮ ರೀತಿ.

ಅದೇ ಬೀದಿಯಲ್ಲಿ ಸಾಣೆಕಲ್ಲುಗಳದ್ದೇ ಒಂದು ಅಂಗಡಿ ಸಿಕ್ಕಿತು. ಬೇರೇನೂ ಇಲ್ಲ, ಬರೀ ಕಲ್ಲು. ಸುತ್ತಲ ಗುಡ್ಡಗಳಿಂದ ತೆಗೆದದ್ದಂತೆ. ಅಂಗಡಿಯಾತ ಒಂದೊಂದಕ್ಕೂ ನೀರು ಚಿಮುಕಿಸಿ ನನ್ನ ಬೆರಳು ಹಿಡಿದು ಮುಟ್ಟಿಸಿದ. ಒಂದು ಮೊಸರಿನಂತೆ ನುಣುಪು, ಒಂದು ರವೆಯಂತೆ. ಕಡೆಯದೊಂದು ಕಪ್ಪು ಕಲ್ಲು ಮುಟ್ಟಿದಾಗ ತುರುವೇಕೆರೆಯ ನಂದಿಯ ಬೆನ್ನು ಮುಟ್ಟಿದಂತಾಯಿತು, ಅದೇ ತಂಪು, ಅದೇ ಹೊಳಪು. ಇಷ್ಟು ದೂರ ಬಂದು ನಮ್ಮ ಕಡೆಯ ಬಸವಣ್ಣನ ಬೆನ್ನು ನೆನಪಾಗಿ ಆ ಕಲ್ಲನ್ನು ಮತ್ತೆ ಮತ್ತೆ ಸವರಿದೆ. ಹೊರಗೆ ಬರುವಷ್ಟರಲ್ಲಿ ನಮ್ಮ ಬಸ್ಸು ಹೊರಡುವ ಹೊತ್ತು ಮೀರಿಹೋಗಿತ್ತು. ಗೈಡು ಹುಡುಗಿ ಓಡಿಬಂದು ನಮ್ಮನ್ನು ಹಿಡಿದಾಗ ಅಳುವುದೊಂದು ಬಾಕಿ. ಬಸ್ಸಿನಲ್ಲಿದ್ದ ಅಂಗಡಿಯವರೆಲ್ಲ ಒಟ್ಟಾಗಿ ಬೈದರು. ಕಲ್ಲು ನೋಡಲು ಜಪಾನಿಗೆ ಬರಬೇಕಿತ್ತಾ ಎಂದು ಹಾಸನದವರೊಬ್ಬರು ಕೇಳಿದರು.

ಸಕಾಯ್, ಎರಡನೇ ಸಲ

ಮಿಚಿಕೊ ಬಾಗಿಲಲ್ಲೇ ನಿಂತಿದ್ದಳು. ನಗು ಇರಲಿಲ್ಲ. ಬಗ್ಗಿ ನಮಸ್ಕಾರ ಮಾಡಿದವಳು ಬಹಳ ಹೊತ್ತು ತಲೆ ಎತ್ತಲೇ ಇಲ್ಲ. ಪಕ್ಕದಲ್ಲಿ ಒಬ್ಬ ವಯಸ್ಸಾದವರು, ಸಣ್ಣ ಆಳು, ಕೈಬೆರಳುಗಳ ಸಂದೆಲ್ಲ ಕಪ್ಪು. ಅವರೇ ಮಸೆಯುವವರು, ಹೆಸರು ಕೆಂಜಿ. ಮಿಚಿಕೊಳ ತಂದೆಯ ಗೆಳೆಯರು, ಅವಳು ಅವರನ್ನು ಕರೆಯುವುದು ಚಿಕ್ಕಪ್ಪ ಎಂದೇ. ಅವರ ಮುಖದಲ್ಲಿ ಮಾತ್ರ ಮದುವೆ ಮನೆಯ ಸಂತೋಷ.

ಮರದ ಡಬ್ಬಿ ತೆರೆದರು. ಮಚ್ಚು ನಮ್ಮ ಮಚ್ಚೇ, ಆಕಾರ ಅದೇ. ಬಿಳಿ ಮರದ ಹಿಡಿ. ಎತ್ತಿದೆ. ಕೈಗೆ ಬಂದದ್ದೇ ಗೊತ್ತಾಗಲಿಲ್ಲ, ಆದರೆ ತುದಿ ತಾನಾಗಿ ಕೆಳಕ್ಕೆ ಬಾಗಲು ನೋಡಿತು. ಅಕ್ಕನ ಕೈ ನೆನೆದು ನನ್ನ ಕಣ್ಣು ತುಂಬಿತು. ಉಗುರಿನಿಂದ ತಟ್ಟಿದೆ, ಟಿಣ್ಣ್ ಎಂಬ ದನಿ ನಾನು ಉಸಿರು ಬಿಡುವವರೆಗೂ ನಿಂತಿತು. ಆಮೇಲೆ ಬಾಯಿ ನೋಡಿದೆ. ಬೆಳಕು ಅದರ ಮೇಲೆ ಗೆರೆಯೆಳೆದಂತೆ ಓಡಿತು. ಕೆಂಜಿಯವರು ಒಂದು ಹಾಳೆಯನ್ನು ಎತ್ತಿ ಅದರ ಮೇಲೆ ಬಿಟ್ಟರು. ಹಾಳೆ ಎರಡಾಗಿ ನೆಲಕ್ಕೆ ಬಿತ್ತು.

"ಅಯ್ಯೋ ದೇವ್ರೇ" ಎಂದೆ. ಯಾವ ಫೋನೂ ಅದನ್ನು ಅನುವಾದ ಮಾಡಬೇಕಾಗಲಿಲ್ಲ.

ಆದದ್ದು ಇಷ್ಟು. ಮಿಚಿಕೊ ಪ್ರತಿ ಸಂಜೆ ಬಡಿದ ಚಾಕುಗಳನ್ನು ಚಿಕ್ಕಪ್ಪನ ಮೆಟ್ಟಿಲ ಮೇಲೆ ಇಟ್ಟು ಬರುತ್ತಾಳೆ. ಹೇಳುವುದು ಕೇಳುವುದು ಏನೂ ಇಲ್ಲ, ಅವಳ ತಂದೆಯ ಕಾಲದಿಂದ ಹಾಗೇ. ಅಲಗು ಸೊಟ್ಟವಿದ್ದರೆ ತಿದ್ದುವವರೂ ಅವರೇ. ಅದಕ್ಕೆಂದು ನಮ್ಮ ಮಚ್ಚನ್ನೂ ಅವುಗಳ ಜೊತೆ ಇಟ್ಟಿದ್ದಾಳೆ, ಬಾಯಿ ಮುಟ್ಟಬೇಡಿ ಎಂದು ಬೆಳಿಗ್ಗೆ ಹೇಳೋಣ ಎಂದುಕೊಂಡು. ಕೆಂಜಿಯವರು, ಇದು ದೂರ ದೇಶದಿಂದ ಬಂದವರದ್ದು ಎಂದು ಉಳಿದದ್ದನ್ನೆಲ್ಲ ಬದಿಗಿಟ್ಟು ಅದನ್ನೇ ಮೊದಲು ಕೈಗೆತ್ತಿಕೊಂಡಿದ್ದಾರೆ. ಇಂಥ ದಪ್ಪ ಅಲಗನ್ನು ಅವರು ಮಸೆದೇ ಇರಲಿಲ್ಲವಂತೆ. ರಾತ್ರಿಯೆಲ್ಲ ಕೂತರಂತೆ. ಬೆಳಿಗ್ಗೆ ಅವಳು ಹೋಗಿ ನೋಡುವಷ್ಟರಲ್ಲಿ ಕೆಲಸ ಮುಗಿದಿತ್ತು. ಅವರಿಗೆ ಹೇಳುವ ಧೈರ್ಯ ಅವಳಿಗೆ ಇನ್ನೂ ಬಂದಿರಲಿಲ್ಲ.

ಈಗ ನಮ್ಮ ಮುಂದೆಯೇ ಹೇಳಿದಳು. ಅವರ ಮುಖದ ಸಂತೋಷ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ನನಗಂತೂ ಅಲ್ಲಿಂದ ಎದ್ದು ಓಡಿಹೋಗೋಣ ಅನ್ನಿಸಿತು. ಮಿಚಿಕೊ ಮಚ್ಚನ್ನು ತೆಗೆದುಕೊಂಡು ಗ್ರೈಂಡರಿನ ಕಡೆ ನಡೆದಳು, ಒಂದು ಗಳಿಗೆಯ ಕೆಲಸ ಎಂದಳು. ಕೆಂಜಿಯವರು ತಡೆದು ಕೇಳಿದರು: ಕತ್ತರಿಸದ ಕತ್ತಿಯಿಂದ ಇವರಿಗೆ ಏನು ಉಪಯೋಗ?

ನಾನು ಚೀಲದಿಂದ ಉಂಡೆ ಕೊಬ್ಬರಿ ತೆಗೆದು ಅವರ ಕೈಗಿಟ್ಟೆ. ಒಂದು ದೊಡ್ಡ ಕಾಯಿಯ ಗಟ್ಟಿ ಚಿಪ್ಪಿನ ಒಳಗಿಂದ ನಮ್ಮಕ್ಕ ಇದನ್ನು ತೆಗೆದಳು, ಮಚ್ಚಿನಿಂದಲೇ ತೆಗೆದಳು ಎಂದೆ. ಅವರು ಕನ್ನಡಕ ಹಣೆಗೇರಿಸಿ, ಕಿಟಕಿಯ ಹತ್ತಿರ ಹೋಗಿ, ಉಂಡೆಯನ್ನು ತಿರುಗಿಸಿ ತಿರುಗಿಸಿ ಗುರುತು ಹುಡುಕಿದರು. ಹೆಬ್ಬೆರಳಲ್ಲಿ ಇಡೀ ಮೈಯನ್ನು ಸವರಿದರು. ಎಲ್ಲೂ ಒಂದು ಗೀರೂ ಸಿಗಲಿಲ್ಲ. ಅವರು ಉಂಡೆಗೆ ತಲೆ ಬಾಗಿಸಿದರು, ನನಗಲ್ಲ.

ಆಮೇಲೆ ಬಂದು ಮಿಚಿಕೊಳ ಫೋನಿಗೆ ಮೆಲ್ಲಗೆ ಏನೋ ಹೇಳಿದರು. ಫೋನು ಓದಿತು: "ಮೊಂಡು ಮಾಡಲೇಬೇಕು, ನನಗೆ ತಿಳಿಯಿತು. ಆದರೆ ನನ್ನ ಕಣ್ಣೆದುರು ಬೇಡ. ನಿಮ್ಮ ಅಕ್ಕನ ಕೈ ಸೇರುವವರೆಗಾದರೂ ಅದು ಹರಿತವಾಗಿರಲಿ."

ಇಷ್ಟು ಸಣ್ಣದನ್ನು ಇಲ್ಲ ಎನ್ನುವುದು ಹೇಗೆ? ಗ್ರೈಂಡರ್ ಬೇಡ ಎಂದೆ. ಅನ್ವರಣ್ಣ ಡಬ್ಬಿಯನ್ನೂ ಹಳೆಯ ಮಚ್ಚನ್ನೂ ತಮ್ಮ ಲುಂಗಿಯಲ್ಲೇ ಸುತ್ತಿದರು. ಇನ್ನೊಂದು ಉಂಡೆಯನ್ನು ಮಿಚಿಕೊಗೆ ಕೊಟ್ಟೆ, ಬೆಲ್ಲದ ಜೊತೆ ತಿನ್ನಬೇಕು ಎಂದೆ. ಟ್ರಾಮಿನಲ್ಲಿ ಬರುವಾಗ ನನಗೆ ಒಂದೇ ಚಿಂತೆ. ಇಷ್ಟು ಗಟ್ಟಿ ಉಕ್ಕು ನಮ್ಮ ಕಲ್ಲಿಗೆ ಬಗ್ಗುತ್ತದೋ ಇಲ್ಲವೋ. ಬಗ್ಗದಿದ್ದರೆ ಅಕ್ಕ ಆ ಹಳೆಯ ಭಾರವನ್ನೇ ಮತ್ತೆ ಎತ್ತುತ್ತಾಳೆ, ಬಿಡುವವಳಲ್ಲ.

ಅಕ್ಕನ ಅಂಗಳ

ಬಂದ ಮಾರನೆಯ ದಿನವೇ ಅಕ್ಕನ ಊರಿಗೆ ಹೋದೆವು. ಅಂಗಳದಲ್ಲಿ ಸಿಪ್ಪೆ ಸುಲಿದ ಕಾಯಿಗಳ ರಾಶಿ ಕಾಯುತ್ತಿತ್ತು. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದ ಅಕ್ಕ ಡಬ್ಬಿ ತೆರೆದು, ಬಾಯಿ ಸವರಿ, ಕೈ ಹಿಂದಕ್ಕೆ ಎಳೆದುಕೊಂಡಳು.

"ಇದ್ಯಾಕೇ ಇಂಗೆ? ಹರಿತ ಬ್ಯಾಡ ಅಂತ ಹೇಳ್ಲಿಲ್ವಾ ನೀನು?"

ಕೆಂಜಿಯವರ ಕಥೆ ಹೇಳಿದೆ. ಅವರು ರಾತ್ರಿಯೆಲ್ಲ ಕೂತು ಮಸೆದದ್ದು, ಉಂಡೆಯಲ್ಲಿ ಗೀರು ಹುಡುಕಿದ್ದು, ಕಣ್ಣೆದುರು ಬೇಡ ಎಂದದ್ದು. ಅಕ್ಕ ಮಚ್ಚನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಬಿಳಿ ಹಿಡಿಯನ್ನು ಸವರಿದಳು.

"ಪಾಪ ಕಣೇ. ಅಷ್ಟೊತ್ತು ಕೂತ್ಕಂಡು ಮಸ್ದವ್ನೆ. ಒಂದ್ಸಲನಾದ್ರೂ ಇದ್ರ ಕೆಲ್ಸ ಇದು ಮಾಡ್ಲಿ ತಡಿ."

ಒಂದು ಒಳ್ಳೆಯ ಉಂಡೆ ಆರಿಸಿ ಮಣೆಯ ಮೇಲಿಟ್ಟಳು. ಮಚ್ಚನ್ನು ಅದರ ಮೇಲೆ ಇಟ್ಟು ಮೆಲ್ಲಗೆ ಎಳೆದಳು, ಒತ್ತಲಿಲ್ಲ. ಮೊದಲ ಬಿಲ್ಲೆ ಬಿತ್ತು. ಎತ್ತಿ ಬಿಸಿಲಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತಿತ್ತು. ಇಡೀ ಉಂಡೆಯನ್ನು ಹಾಗೆ ಬಿಲ್ಲೆ ಬಿಲ್ಲೆ ಮಾಡಿ ತಟ್ಟೆಯಲ್ಲಿ ಹರಡಿ, ಬೆಲ್ಲ ಪುಡಿ ಮಾಡಿ ಹಾಕಿದಳು. ನಮ್ಮ ಕೊಬ್ಬರಿ ಬಾಯಲ್ಲಿ ಕರಗುತ್ತದೆ ಎಂದು ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು. ಅನ್ವರಣ್ಣ ಫೋನಿನಲ್ಲಿ ಎಲ್ಲವನ್ನೂ ಹಿಡಿದು ಸಕಾಯ್‌ಗೆ ಕಳಿಸಿದರು. ನಾವು ಕಾಫಿ ಕುಡಿಯುವಷ್ಟರಲ್ಲಿ ಮಿಚಿಕೊ ಬರೆದಳು. ಚಿಕ್ಕಪ್ಪ ಮತ್ತೆ ಮತ್ತೆ ಹಾಕಿಸಿ ನೋಡಿದರಂತೆ, ಆಮೇಲೆ 'ಇನ್ನು ಸರಿ' ಎಂದರಂತೆ.

ಕೆರೆ ಏರಿಯ ಕೆಳಗೆ ಹೋದೆವು. ಅಕ್ಕ ವೀರಗಲ್ಲಿಗೆ ಒಂದು ಬಿಲ್ಲೆ ಕೊಬ್ಬರಿ ಇಟ್ಟಳು. ನೀರು ಹಾಕಿ, ಮಚ್ಚಿನ ಬಾಯಿಯನ್ನು ಆ ತಗ್ಗಿನಲ್ಲಿ ನೆಟ್ಟಗೆ ಊರಿ ಎಡಗೈಯಲ್ಲಿ ಎಳೆದಳು. ಆ ಸದ್ದು ನನ್ನ ಹಲ್ಲಿಗೇ ತಾಗಿತು. ನಾನು ಕೆರೆಯ ಕಡೆ ತಿರುಗಿ ನಿಂತೆ. ಉಕ್ಕು ಜಗ್ಗಲಿಲ್ಲ, ಅನ್ವರಣ್ಣ ಕೈ ಬದಲಿಸಿದರು, ಮತ್ತೆ ನಾನು ಹಿಡಿದೆ. ಬಿಸಿಲು ಏರಿ ನೆತ್ತಿ ಸುಡುವ ಹೊತ್ತಿಗೆ ಅಕ್ಕ ಬಾಯಿ ಸವರಿ, "ಸಾಕು" ಎಂದಳು. "ಮಸೆಯೋದಕ್ಕಿಂತ ಮೊಂಡು ಮಾಡೋದೇ ಕಷ್ಟ ಕಣಪ್ಪ ಅನ್ವರು."

ಅಂಗಳಕ್ಕೆ ಬಂದು ಮೊದಲ ಕಾಯಿ ಎತ್ತಿಕೊಂಡಳು. ತಟ್ಟಿದಳು. ಹಳೆಯ ಭಾರದ ಲೆಕ್ಕದಲ್ಲೇ ಕೈ ಬೀಸಿತು, ಚಿಪ್ಪು ಒಡೆಯಿತು, ಆದರೆ ಉಂಡೆಯ ಮೇಲೆ ಗೀರು ಬಿತ್ತು. ಅಕ್ಕ ಅದನ್ನು ನೋಡಿದಳು, ನಾನು ಅಕ್ಕನ ಮುಖ ನೋಡಿದೆ. ಅವಳು ಉಂಡೆಯನ್ನು ಪಕ್ಕಕ್ಕಿಟ್ಟಳು. ಆ ಅಂಗಳದಲ್ಲಿ ನಾನು ಕಂಡ ಮೊದಲ ಬೇರೆ ರಾಶಿ ಅದು. ಎರಡನೆಯದಕ್ಕೂ ಗೀರು. ಅನ್ವರಣ್ಣ ಫೋನು ಜೇಬಿಗೆ ಹಾಕಿಕೊಂಡರು. ಮೂರನೆಯದನ್ನು ಅಕ್ಕ ಕೈಯಲ್ಲಿ ಸುಮ್ಮನೆ ಹಿಡಿದು ಕೂತಳು, ಮಚ್ಚನ್ನು ಎತ್ತಿ ತೂಗಿದಳು, ಆಮೇಲೆ ಬೀಸಲಿಲ್ಲ, ಬರೀ ಬೀಳಲು ಬಿಟ್ಟಳು. ಟಕ್. ಕಾಯಿ ತಿರುಗಿಸಿದಳು. ಟಕ್. ಟಕ್. ಚಿಪ್ಪು ಹೋಳು ಹೋಳಾಗಿ ಕಳಚಿ, ಉಂಡೆ ಇಡಿಯಾಗಿ ಅವಳ ಅಂಗೈಗೆ ಬಂತು.

ಆಮೇಲೆ ಅವಳು ನಮ್ಮ ಕಡೆ ನೋಡಲೇ ಇಲ್ಲ. ಒಂದಾದ ಮೇಲೊಂದು. ಉಂಡೆಗಳು ಗುಡ್ಡೆಯಾದವು, ಪಕ್ಕದ ರಾಶಿ ಎರಡರಲ್ಲೇ ನಿಂತಿತು. ಕಾಫಿ ಲೋಟ ತಂದುಕೊಟ್ಟೆ. ಬಲಗೈ ಒಂದರಲ್ಲೇ ಹಿಡಿದುಕೊಂಡಳು.

"ನೋವು ಐತಾ ಅಕ್ಕ?" ಎಂದೆ.

ಅವಳು ಮಣಿಕಟ್ಟನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಳು.

"ಐತೆ ಕಣೇ. ಆದ್ರೆ ಇದು ಹಳೇದು. ಇವತ್ತಿಂದು ಇನ್ನೂ ಬಂದಿಲ್ಲ."